ಒಬ್ಬರಿಗೆ ವರ್ಗ, ಇಬ್ಬರಿಗೂ ಪ್ರಯಾಣ

ವರ್ಗಾವಣೆಯ ಆಜ್ಞೆ ಬರುವುದು ಒಬ್ಬರ ಹೆಸರಿಗೆ. ಅದರ ಫಲವನ್ನು ಉಣ್ಣುವುದು ಇಡೀ ಸಂಸಾರ. ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ತಂಬೂರ, ಬಸವಣ್ಣನ ಗುಡಿಯಿಂದ ಹೆಸರಾದ ಹಳ್ಳಿ. ಹುಬ್ಬಳ್ಳಿಯಲ್ಲಿರುವ ಶಿಕ್ಷಕಿಯೊಬ್ಬಳಿಗೆ ಅಲ್ಲಿಯ ಶಾಲೆಗೆ ವರ್ಗವಾಯಿತೆನ್ನೋಣ. ಗಂಡ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಗುಮಾಸ್ತ. ಈಗ ಬಿಡಾರವೆಲ್ಲಿರಬೇಕು?

ಹುಬ್ಬಳ್ಳಿಯಲ್ಲೇ ಉಳಿದರೆ ಓಡಾಟವೆಲ್ಲ ಆಕೆಯದು. ತಂಬೂರಿಗೆ ಹೋದರೆ ಅದು ಆತನ ಪಾಲಿಗೆ. ಹುಬ್ಬಳ್ಳಿ-ಕಾರವಾರ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ದೂರದ ಕಲಘಟಗಿಯಲ್ಲಿ ಮನೆ ಹಿಡಿದರೆ ಇಬ್ಬರೂ ಬೆಳಿಗ್ಗೆ ಬೇರೆ ಬೇರೆ ಬಸ್ಸು ಕಾಯಬೇಕು. ಮಕ್ಕಳ ಶಾಲೆ, ಹಿರಿಯರ ಔಷಧೋಪಚಾರಗಳನ್ನು ನೆನೆದು ಹೆಚ್ಚಿನವರು ಹುಬ್ಬಳ್ಳಿಯನ್ನು ಬಿಡಲೊಲ್ಲರು. ನಸುಕಿಗೆ ಒಲೆ ಹಚ್ಚಿ, ಡಬ್ಬಿ ಕಟ್ಟಿ, ಬಸ್ಸಿಗೆ ಓಡುವವಳು ಹೆಂಡತಿಯೇ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಸ್ತ್ರೀಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿನ ಖರ್ಚಿಲ್ಲ. ಹಣ ಉಳಿಯಿತು, ನಿಜ, ಹೊತ್ತು ಉಳಿಯಲಿಲ್ಲ. ‘ಅವಳಿಗೆ ಹೇಗೂ ಟಿಕೀಟಿಲ್ಲ, ಅವಳೇ ಓಡಾಡಲಿ’ ಎಂಬ ಲೆಕ್ಕಕ್ಕೆ ಈ ಸವಲತ್ತೇ ನೆಪವಾಗಬಾರದಷ್ಟೆ.

ಇದು ನಮ್ಮಲ್ಲಿಯ ಮಾತು ಮಾತ್ರವಲ್ಲ. ಅಮೆರಿಕದ ವೂಸ್ಟರ್ ನಗರದ ಸಂಸಾರಗಳನ್ನು ಅಭ್ಯಸಿಸಿ ಸೂಸನ್ ಹ್ಯಾನ್ಸನ್ ಮತ್ತು ಜೆರಾಲ್ಡಿನ್ ಪ್ರಾಟ್ 1995ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮನೆಯ ಹೊಣೆ ಹೊತ್ತ ಅನೇಕ ಸ್ತ್ರೀಯರು ಮನೆಗೆ ಸಮೀಪದ ಕೆಲಸವನ್ನೇ ಅರಸುತ್ತಾರೆಂದು ಅವರು ಕಂಡರು. ವರ್ಗವಾದ ಶಿಕ್ಷಕಿಗೆ ಆ ಆಯ್ಕೆಯೂ ಇಲ್ಲ.

ಗಂಡಹೆಂಡಿರಿಬ್ಬರೂ ಸರ್ಕಾರಿ ನೌಕರರಾಗಿದ್ದರೆ ಶಿಕ್ಷಕರ ವರ್ಗಾವಣೆಯ ನಿಯಮಗಳಲ್ಲಿ ದಂಪತಿಗಳಿಗೆ ಆದ್ಯತೆಯುಂಟು. ಆದರೆ ಅಂಗಡಿಯ ಗುಮಾಸ್ತನ ಹೆಂಡತಿಗೆ ಆ ಆಸರೆ ದೊರೆಯದು. ಆದುದರಿಂದ ಪರಿಹಾರವನ್ನು ಮನೆಯೊಳಗೇ ಹುಡುಕಬೇಕಾಗುತ್ತದೆ.

ಹೊಸ ಬಿಡಾರ ಹುಡುಕುವಾಗ ಬಾಡಿಗೆಯೊಂದನ್ನೇ ನೋಡಿದರೆ ಸಾಲದು. ಹೊಸ್ತಿಲು ದಾಟಿದಂದಿನಿಂದ ಮರಳಿ ಹೊಸ್ತಿಲು ತುಳಿಯುವವರೆಗೆ ಇಬ್ಬರಿಗೂ ತಗಲುವ ಹೊತ್ತನ್ನು ಕಾಗದದ ಮೇಲೆ ಬರೆದು ನೋಡುವುದು ಲೇಸು. ಬಸ್ಸಿಗಾಗಿ ಕಾಯುವ ಹೊತ್ತೂ ಅದರಲ್ಲಿ ಸೇರಲಿ. ಮಗುವಿಗೆ ಜ್ವರ ಬಂದ ದಿನ ಬೇಗ ಮನೆ ಮುಟ್ಟಬಲ್ಲವರು ಯಾರೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಇಷ್ಟಾಗಿಯೂ ಗಂಡನ ಅನುಕೂಲಕ್ಕೆಂದೇ ಮನೆ ಹುಬ್ಬಳ್ಳಿಯಲ್ಲಿ ಉಳಿಯುವುದಾದರೆ, ಬೆಳಗಿನ ಒಲೆಯನ್ನು ಆತನೇ ಹಚ್ಚುವುದು ನ್ಯಾಯವಲ್ಲವೇ?