ಮೇಲೇರಿಸಿದ ನೀರು, ಮರಳಿ ಸಿಗುವ ಕರೆಂಟು

ಪಂಪ್ಡ್ ಸ್ಟೋರೇಜ್ ಎಂದರೆ ವಿದ್ಯುತ್ ಹುಟ್ಟಿಸುವ ಮತ್ತೊಂದು ಅಣೆಕಟ್ಟು ಎಂಬ ನಂಬಿಕೆಯಿದೆ. ಅದು ಹುಟ್ಟಿಸುವುದಿಲ್ಲ, ಕೂಡಿಡುತ್ತದೆ. ಕರೆಂಟು ಹೆಚ್ಚಿದ್ದಾಗ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಏರಿಸಿ, ಕೊರತೆ ಬಿದ್ದಾಗ ಅದನ್ನೇ ಟರ್ಬೈನ್ ಮೇಲೆ ಇಳಿಸಲಾಗುತ್ತದೆ. ಏರಿಸಲು 100 ಯೂನಿಟ್ ಖರ್ಚಾದರೆ ಮರಳುವುದು 75ರಿಂದ 80. ಹಾಗೆಂದು ಇದನ್ನು ನಷ್ಟದ ಬಾಬತ್ತು ಎನ್ನುವುದೂ ಸರಿಯಲ್ಲ. ಪಾವಗಡದ ಸೌರ ಫಲಕಗಳು ನಡುಮಧ್ಯಾಹ್ನ ಉಕ್ಕಿಸುವ ಕರೆಂಟು ದೀಪ ಹಚ್ಚುವ ಹೊತ್ತಿಗೆ ಇರುವುದಿಲ್ಲ. ಬಳಸುವವರಿಲ್ಲದೆ ಉತ್ಪಾದನೆ ತಗ್ಗಿಸುವುದಕ್ಕಿಂತ ಮುಕ್ಕಾಲು ಪಾಲನ್ನಾದರೂ ಸಂಜೆಗೆ ಉಳಿಸಿಕೊಳ್ಳುವುದು ಎಷ್ಟೋ ಮೇಲು.

ನೀರು ಖಾಲಿಯಾಗುತ್ತದೆ ಎಂಬ ಭಯ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯ ಕಡೆ ಸಹಜವೇ. ಕಬಿನಿಯಿಂದ ಪಂಪ್ ಮಾಡಿ ಗುಂಡ್ಲುಪೇಟೆ, ಚಾಮರಾಜನಗರದ ಕೆರೆಗಳಿಗೆ ತುಂಬಿಸಿದ ನೀರು ನದಿಗೆ ಹಿಂದಿರುಗುವುದಿಲ್ಲ. ಹೊಲಕ್ಕೆ, ಅಂತರ್ಜಲಕ್ಕೆ ಸೇರುತ್ತದೆ. ಪಂಪ್ಡ್ ಸ್ಟೋರೇಜ್‌ನಲ್ಲಿ ಹತ್ತಿ ಇಳಿಯುವುದು ಅದೇ ನೀರು. ಆವಿಯಾಗಿ, ಇಂಗಿ ಹೋದಷ್ಟನ್ನು ತುಂಬಿಕೊಟ್ಟರೆ ಸಾಕು.

ಶರಾವತಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ (ಕೆಪಿಸಿಎಲ್) ಯೋಜಿಸಿರುವುದು ತಲಾ 250 ಮೆಗಾವಾಟ್‌ನ ಎಂಟು ಘಟಕಗಳು, ಒಟ್ಟು 2,000 ಮೆಗಾವಾಟ್. ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪ. ನಡುವಿನ ಎತ್ತರ 400 ಮೀಟರಿಗೂ ಹೆಚ್ಚು. ಮನೆಯ ಮೇಲಿನ 1,000 ಲೀಟರಿನ ಟ್ಯಾಂಕಿನಷ್ಟು ನೀರು ಅಲ್ಲಿಂದ ಇಳಿದರೆ ಸುಮಾರು ಒಂದು ಯೂನಿಟ್ ಸಿಗುತ್ತದೆ. ಎರಡೂ ಜಲಾಶಯಗಳು ಈಗಾಗಲೇ ಇರುವುದರಿಂದ ಕಾಡಿಗೆ ಧಕ್ಕೆಯಿಲ್ಲ ಎಂಬ ಮಾತು ಮಾತ್ರ ಅರ್ಧ ಸತ್ಯ. ಸುರಂಗ, ರಸ್ತೆ, ವಿದ್ಯುತ್ ಮಾರ್ಗಗಳಿಗೆ ಸಿಂಗಳೀಕಗಳ ಅಭಯಾರಣ್ಯದಲ್ಲೇ ಜಾಗ ಬೇಕು. ಈ ಬೆಲೆಯನ್ನು ಲೆಕ್ಕದಿಂದ ಬಿಡುವುದು ತಪ್ಪು.

ನೀರೆತ್ತುವುದು ರಾತ್ರಿಯ ಕೆಲಸ ಎಂಬುದು ಒಂದು ಕಾಲಕ್ಕೆ ನಿಜವಾಗಿತ್ತು. ಕೊಯಮತ್ತೂರು ಜಿಲ್ಲೆಯ 400 ಮೆಗಾವಾಟ್‌ನ ಕಡಂಪಾರೈ ಸ್ಥಾವರ 1980ರ ದಶಕದಲ್ಲಿ ರೂಪುಗೊಂಡದ್ದೇ ಆ ಲೆಕ್ಕದಲ್ಲಿ: ಊರು ಮಲಗಿದ ಮೇಲೂ ಉಷ್ಣ ಸ್ಥಾವರಗಳನ್ನು ನಿಲ್ಲಿಸುವುದು ಸುಲಭವಿರಲಿಲ್ಲ. ಸೌರ ವಿದ್ಯುತ್ ಬಂದ ಮೇಲೆ ಆ ಹೊತ್ತು ಮಧ್ಯಾಹ್ನಕ್ಕೆ ಸರಿಯುತ್ತಿದೆ. ರೈತರ ಪಂಪ್‌ಸೆಟ್ಟಿಗೆ ಹಗಲು ಕರೆಂಟು ಸಾಧ್ಯವಾಗುತ್ತಿರುವುದೂ ಇದೇ ಕಾರಣಕ್ಕೆ.

ಹೊತ್ತು ಬದಲಿಸಿದರೆ ಹಳೆಯ ಯಂತ್ರ ಹೊಸ ಗ್ರಿಡ್ಡಿಗೆ ಒಗ್ಗುತ್ತದೆ ಎನ್ನಲಾಗದು. ಒಂದೇ ವೇಗದ ಯಂತ್ರ ನೀರೆತ್ತುವಾಗ ಪೂರ್ತಿ ಕರೆಂಟು ಎಳೆಯುತ್ತದೆ, ಇಲ್ಲವೇ ನಿಲ್ಲುತ್ತದೆ. ಮೋಡ ಕವಿದು ಸೌರ ವಿದ್ಯುತ್ ತಗ್ಗಿದಾಗ ಅಷ್ಟೇ ತಗ್ಗಿಸಿಕೊಳ್ಳಲು ಅದಕ್ಕೆ ಬಾರದು. ವೇಗ ಬದಲಿಸಬಲ್ಲ ಯಂತ್ರಕ್ಕೆ ಬರುತ್ತದೆ: ತಿರುಗುವ ವೇಗ ಕೊಂಚ ಇಳಿದರೂ ಅದು ಎಳೆಯುವ ಕರೆಂಟು ಗಣನೀಯವಾಗಿ ಇಳಿಯುತ್ತದೆ. ಉತ್ತರಾಖಂಡದ ತೆಹ್ರಿಯಲ್ಲಿ 250 ಮೆಗಾವಾಟ್‌ನ ನಾಲ್ಕು ಘಟಕಗಳಿಗೆ ಆರಿಸಿಕೊಂಡದ್ದು ಈ ಬಗೆಯವನ್ನೇ. ಹಳೆಯ ಸ್ಥಾವರಗಳಲ್ಲಿ ಅಣೆಕಟ್ಟು, ಸುರಂಗಗಳನ್ನು ಮುಟ್ಟದೆ ಟರ್ಬೈನ್ ಚಕ್ರ, ಜನರೇಟರ್ ಸುರುಳಿ, ನಿಯಂತ್ರಣ ವ್ಯವಸ್ಥೆಗಳನ್ನು ಬದಲಿಸಲು ಬರುತ್ತದೆ.