ನಿಮಗಿದು ಗೊತ್ತೇ? ಗೇಮಿನ ಪಿಕಾಚು ಬೇರೆ, ಟಿವಿಯ ಪಿಕಾಚು ಬೇರೆ

ಬೆಂಗಳೂರಿನ ಅಲ್ಲಾಳಸಂದ್ರ ಕೆರೆಯಲ್ಲಿ ಸಂಜೆ ವಾಕಿಂಗ್ ಬರುವವರ ಸಾಲಿನಲ್ಲಿ ನನ್ನ ಅಣ್ಣನ ಮಗನೂ ಇರುತ್ತಾನೆ. ಹನ್ನೊಂದು ವರ್ಷ. ಕೈಯಲ್ಲಿ ಅವರಪ್ಪನ ಫೋನು, ಫೋನಿನಲ್ಲಿ ಪೋಕೆಮಾನ್ ಗೋ. ಆ ಗೇಮಿನಲ್ಲಿ ಮೊಟ್ಟೆ ಒಡೆದು ಮರಿ ಬರಬೇಕೆಂದರೆ ನಾವು ನಿಜವಾಗಿಯೇ ನಡೆಯಬೇಕು. ಕೆಲವು ಮೊಟ್ಟೆಗೆ ಎರಡು ಕಿಲೋಮೀಟರ್, ಕೆಲವಕ್ಕೆ ಐದು, ಕೆಲವಕ್ಕೆ ಹತ್ತು. ಹಾಗಾಗಿ ನನ್ನ ಜೊತೆ ಎಷ್ಟು ಸುತ್ತು ಹಾಕಲೂ ಅವನು ತಯಾರು. ಮೊನ್ನೆ ಮಾತಿಗೆ, "ಪಿಕಾಚುನ ಮೊದಲು ಪ್ರೊಫೆಸರ್ ಓಕ್ ಕೊಡ್ತಾರೆ ಅಲ್ವೇನೋ?" ಎಂದೆ. ಅವನು ನಿಂತೇಬಿಟ್ಟ. "ಅತ್ತೆ, ಅದು ಟಿವೀಲಿ. ಗೇಮಲ್ಲಿ ಹಂಗಿಲ್ಲ."

ಅವನು ಹೇಳಿದ್ದು ನಿಜ. ಈ ಸಲದ ಅಂಕಣ ಆ ಒಂದು ಮಾತಿನ ಬೆನ್ನು ಹತ್ತಿದ್ದು.

ಕಾಲ್ಪನಿಕ ಪ್ರಾಣಿಗಳನ್ನು ಹಿಡಿದು, ಸಾಕಿ, ಪಂದ್ಯಕ್ಕಿಳಿಸುವ ಮೊದಲ ಪೋಕೆಮಾನ್ ಗೇಮ್‌ಗಳಾದ ರೆಡ್ ಮತ್ತು ಗ್ರೀನ್ ಜಪಾನಿನಲ್ಲಿ ಬಂದದ್ದು 1996ರ ಫೆಬ್ರವರಿ 27ರಂದು. ಅಲ್ಲಿ ಆಟ ಶುರುವಾದಾಗ ಪ್ರೊಫೆಸರ್ ಓಕ್ ಎದುರಿಗಿಡುವುದು ಮೂರೇ ಮೂರು: ಬಲ್ಬಸಾರ್, ಚಾರ್ಮಾಂಡರ್, ಸ್ಕ್ವರ್ಟಲ್. ಪಿಕಾಚು ಬೇಕಾದರೆ ಕಾಡಿನ ಹುಲ್ಲಿನಲ್ಲಿ ಅಲೆದಾಡಬೇಕು. ಅಲ್ಲೂ ಅದು ಸಿಗುವುದು ಅಪರೂಪಕ್ಕೆ. 1997ರ ಏಪ್ರಿಲ್ 1ರಂದು ಟಿವಿಯಲ್ಲಿ ಅದರ ಅನಿಮೆ (ಜಪಾನಿ ಕಾರ್ಟೂನ್) ಶುರುವಾದಾಗ ಕಥೆ ಬರೆದವರು ನಾಯಕ ಆ್ಯಶ್‌ನನ್ನು ತಡವಾಗಿ ಎಬ್ಬಿಸಿದರು. ಅವನು ಓಡಿ ಬರುವಷ್ಟರಲ್ಲಿ ಮೂರೂ ಖಾಲಿ. ಉಳಿದದ್ದು ಮಾತು ಕೇಳದ, ಮುಟ್ಟಿದರೆ ಶಾಕ್ ಕೊಡುವ ಒಂದು ಹಳದಿ ಇಲಿ, ಪಿಕಾಚು. ಮೂರರಲ್ಲಿ ಯಾವುದನ್ನು ಕೊಟ್ಟಿದ್ದರೂ ಉಳಿದೆರಡನ್ನು ಆರಿಸಿಕೊಂಡಿದ್ದ ಮಕ್ಕಳಿಗೆ ಬೇಸರವಾಗುತ್ತಿತ್ತು. ಯಾರೂ ಆರಿಸಿರದದ್ದನ್ನು ಕೊಟ್ಟದ್ದರಿಂದ ಅದು ಎಲ್ಲರದೂ ಆಯಿತು. ಇಷ್ಟು ಚೊಕ್ಕವಾದ ಬದಲಾವಣೆ ನನಗೆ ಬೇರೆ ಯಾವ ರೂಪಾಂತರದಲ್ಲೂ ಕಂಡಿಲ್ಲ.

ಆಮೇಲೆ ಏನಾಯಿತು ಗೊತ್ತೇ? ಮೂಲ ಕೃತಿಯೇ ತನ್ನ ರೂಪಾಂತರವನ್ನು ಹಿಂಬಾಲಿಸಿತು! 1998ರಲ್ಲಿ ಬಂದ ಪೋಕೆಮಾನ್ ಯೆಲ್ಲೋ ಗೇಮಿನಲ್ಲಿ ಆಟಗಾರನಿಗೆ ಸಿಗುವುದು ಪಿಕಾಚುವೇ. ಟಿವಿಯಲ್ಲಿದ್ದ ಹಾಗೆಯೇ ಅದು ಪೋಕೆಬಾಲ್ ಎಂಬ ಚೆಂಡಿನ ಒಳಗೆ ಹೋಗುವುದಿಲ್ಲ, ನಮ್ಮ ಹಿಂದೆ ಹಿಂದೆಯೇ ನಡೆದು ಬರುತ್ತದೆ. ಖಳರ ಗುಂಪಾದ ಟೀಮ್ ರಾಕೆಟ್‌ನಲ್ಲಿ ಮೊದಲ ಗೇಮಿನಲ್ಲಿ ಇಲ್ಲವೇ ಇಲ್ಲದಿದ್ದ ಜೆಸ್ಸಿ ಮತ್ತು ಜೇಮ್ಸ್ ಕೂಡ ಟಿವಿಯಿಂದ ಇಳಿದು ಅಲ್ಲಿಗೆ ಬಂದರು.

ಆ್ಯಶ್‌ನ ಜಪಾನಿ ಹೆಸರು ಸತೋಶಿ. ಗೇಮ್ ಸೃಷ್ಟಿಸಿದ ಸತೋಶಿ ತಾಜಿರಿಯವರ ಹೆಸರು ಅದು. ಅವನ ಎದುರಾಳಿಯ ಹೆಸರು ಶಿಗೆರು. ಮಾರಿಯೊ ಸೃಷ್ಟಿಸಿದ ಶಿಗೆರು ಮಿಯಾಮೊಟೊ ಅವರದು.

ಪಂದ್ಯದ ಅಖಾಡಗಳಾದ ಜಿಮ್‌ಗಳನ್ನು ನಡೆಸುವ ಬ್ರಾಕ್ ಮತ್ತು ಮಿಸ್ಟಿ ಗೇಮಿನಲ್ಲಿ ತಮ್ಮ ತಮ್ಮ ಜಿಮ್ ಬಿಟ್ಟು ಕದಲುವುದಿಲ್ಲ. ಹೋಗಿ ಗೆದ್ದು ಬ್ಯಾಡ್ಜ್ ತೆಗೆದುಕೊಂಡು ಮುಂದಿನ ಊರಿಗೆ ನಡೆದರೆ ಅಲ್ಲಿಗೆ ಮುಗಿಯಿತು. ಅನಿಮೆಯಲ್ಲಿ ಇಬ್ಬರೂ ಗಂಟುಮೂಟೆ ಕಟ್ಟಿ ಆ್ಯಶ್ ಜೊತೆ ಹೊರಡುತ್ತಾರೆ. ಗೇಮಿನ ದಾರಿಯಲ್ಲಿ ಆಟಗಾರ ಒಬ್ಬನೇ. ಟಿವಿಯಲ್ಲಿ ಒಬ್ಬನೇ ನಡೆದರೆ ಮಾತಾಡುವುದು ಯಾರ ಹತ್ತಿರ?

ಬ್ರಾಕ್‌ನ ಆನಿಕ್ಸ್ ಕಲ್ಲು ಮತ್ತು ಮಣ್ಣಿನ ಜಾತಿಯದು. ಗೇಮಿನ ಲೆಕ್ಕದಲ್ಲಿ ಅದಕ್ಕೆ ಕರೆಂಟ್ ತಗಲುವುದೇ ಇಲ್ಲ. ಅನಿಮೆಯಲ್ಲಿ ಮಾತ್ರ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ತೆರೆದುಕೊಂಡು ನೀರು ಸುರಿಯುತ್ತದೆ, ಕಲ್ಲುಹಾವು ತೊಯ್ದು ಕುಸಿಯುತ್ತದೆ. ಅಷ್ಟರಲ್ಲಿ ಬ್ರಾಕ್‌ನ ಪುಟ್ಟ ತಮ್ಮ ತಂಗಿಯರು ಬಂದು ಅಡ್ಡ ನಿಂತು ಬೇಡಿಕೊಳ್ಳುತ್ತಾರೆ. ಆ್ಯಶ್ ಪಂದ್ಯ ನಿಲ್ಲಿಸಿ ಹೊರಟುಹೋಗುತ್ತಾನೆ. ಬ್ಯಾಡ್ಜನ್ನು ಬ್ರಾಕ್ ತಾನಾಗಿಯೇ ತಂದುಕೊಡುತ್ತಾನೆ. ಗೆಲ್ಲದೆ ಬ್ಯಾಡ್ಜ್ ಕೊಡುವ ದಾರಿಯೇ ಆ ಗೇಮಿನಲ್ಲಿ ಇಲ್ಲ.

ಈಗ ಇಡೀ ವಿಷಯದ ಹೂರಣಕ್ಕೆ ಬರುತ್ತೇನೆ. ಗೇಮಿಗೂ ಅನಿಮೆಗೂ ಇರುವ ನಿಜವಾದ ವ್ಯತ್ಯಾಸ ಸೋಲಿನಲ್ಲಿದೆ. ಗೇಮಿನಲ್ಲಿ ಸೋತರೆ ಅರ್ಧ ದುಡ್ಡು ಹೋಗುತ್ತದೆ, ಕೊನೆಯ ಸಲ ಹೋಗಿದ್ದ ಪೋಕೆಮಾನ್ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತೇವೆ, ಮತ್ತೆ ಹೋಗಿ ಆಡುತ್ತೇವೆ. ಮೊದಲೇ ಸೇವ್ ಮಾಡಿಟ್ಟುಕೊಂಡಿದ್ದರೆ ಅದೂ ಇಲ್ಲ. ಸ್ವಿಚ್ ಆರಿಸಿ ಹಾಕಿದರೆ ಸೋತದ್ದೇ ಅಳಿಸಿಹೋಗುತ್ತದೆ. ಬಿಡದೆ ಆಡಿದ ಮಗು ಒಂದೇ ಬೇಸಿಗೆ ರಜೆಯಲ್ಲಿ ಚಾಂಪಿಯನ್ ಆಗಿಬಿಡುತ್ತದೆ. ಆ್ಯಶ್ ತನ್ನ ಮೊದಲ ದೊಡ್ಡ ಲೀಗ್ ಗೆದ್ದದ್ದು ಯಾವಾಗ ಗೊತ್ತೇ? 2019ರಲ್ಲಿ, ಅಲೋಲಾ ಎಂಬ ಕಾಲ್ಪನಿಕ ನಾಡಿನಲ್ಲಿ. 1997ರಿಂದ ಲೆಕ್ಕ ಹಾಕಿ: 22 ವರ್ಷ! ವಿಶ್ವ ಚಾಂಪಿಯನ್ ಆದದ್ದು 2022ರ ನವೆಂಬರ್‌ನಲ್ಲಿ. ಅಷ್ಟು ವರ್ಷವೂ ಅವನಿಗೆ ಹತ್ತೇ ವಯಸ್ಸು.

ಅವನ ಮೊದಲ ಲೀಗಿನ ಸೋಲನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಯಾರೋ ಮಳೆಯಲ್ಲಿ ಕಲ್ಲಿನ ಮೇಲೆ ಬಿಟ್ಟುಹೋಗಿದ್ದ ಚಾರ್ಮಾಂಡರನ್ನು ಆ್ಯಶ್ ಎತ್ತಿಕೊಂಡು ಬಂದು ಬದುಕಿಸಿದ್ದ. ಅದರ ಬಾಲದ ತುದಿಯ ಬೆಂಕಿ ಆರಿದರೆ ಜೀವವೇ ಹೋಗುತ್ತದೆ. ಅದು ಬೆಳೆಯುತ್ತ ಮಾತು ಕೇಳುವುದನ್ನು ಬಿಟ್ಟಿತು, ರೆಕ್ಕೆ ಬಂದು ಚಾರಿಜಾರ್ಡ್ ಆಯಿತು. ಲೀಗಿನ ನಿರ್ಣಾಯಕ ಪಂದ್ಯದಲ್ಲಿ ಆ್ಯಶ್ ಕೂಗುತ್ತಲೇ ಇದ್ದಾನೆ, ಅದು ಅಂಗಳದ ನಡುವೆ ಆರಾಮಾಗಿ ಮಲಗಿಬಿಟ್ಟಿತು. ಆ್ಯಶ್ ಮನೆಗೆ ಹೋದ. ಮೊದಲ ಗೇಮಿನಲ್ಲಿ ಇದು ಆಗುವ ಮಾತಲ್ಲ. ಬೇರೆಯವರಿಂದ ಬದಲಿ ಪಡೆದ ಪೋಕೆಮಾನ್ ಬೇಕಾದರೆ ಮಾತು ಮೀರೀತು; ನಾವೇ ಹಿಡಿದು ಸಾಕಿದ್ದು ಎಂದೂ ಮೀರುವುದಿಲ್ಲ. ಸಾಕಿದ್ದೇ ತಿರುಗಿ ನಿಲ್ಲುತ್ತದೆ ಎಂಬುದನ್ನು ಹತ್ತು ವರ್ಷದ ಮಕ್ಕಳಿಗೆ ತೋರಿಸಲು ಆ ಬರಹಗಾರರು ಹೆದರಲಿಲ್ಲ. ಅದಕ್ಕಾಗಿ ನನಗೆ ಅವರ ಮೇಲೆ ಬಹಳ ಗೌರವ.

ಒಂದು ಸಂಕಟದ ಸಂಗತಿಯೂ ಇದೆ. 1997ರ ಡಿಸೆಂಬರ್ 16ರ ಕಂತಿನಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಹನ್ನೆರಡು ಸಲದಂತೆ ಮಿಂಚಿತು. ಜಪಾನಿನಾದ್ಯಂತ ಸುಮಾರು 685 ಜನರನ್ನು, ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಸಾಗಿಸಬೇಕಾಯಿತು. ಕಾರ್ಯಕ್ರಮ ನಾಲ್ಕು ತಿಂಗಳು ನಿಂತಿತು. ಕಥೆಯಲ್ಲಿ ಆ ಬೆಳಕು ಹೊರಟದ್ದು ಪಿಕಾಚುವಿನ ಮಿಂಚಿನಿಂದ. ಆದರೆ ಟಿವಿಯಿಂದ ಗಡೀಪಾರಾದದ್ದು ಆ ಕಂತಿನ ಅತಿಥಿ, ಪೋರಿಗಾನ್ ಎಂಬ ಪೋಕೆಮಾನ್. ಗೇಮಿನಲ್ಲಿ ಮಾತ್ರ ಪೋರಿಗಾನ್ ಸುಖವಾಗಿದೆ. 1999ರಲ್ಲಿ ಮತ್ತು 2006ರಲ್ಲಿ ಅದಕ್ಕೆ ಇನ್ನೂ ಎರಡು ಹೊಸ ರೂಪಗಳು ಬಂದವು.

ಪೋಕೆಮಾನ್‌ಗಿಂತ ಹತ್ತು ವರ್ಷ ಹಿಂದೆಯೇ ವಿಡಿಯೊ ಗೇಮ್ ಒಂದು ಅನಿಮೆ ಸಿನಿಮಾ ಆಗಿತ್ತು, ಗೊತ್ತೇ? 1986ರ ಜುಲೈ 20ರಂದು ತೆರೆ ಕಂಡ ಆ ಚಿತ್ರದ ನಾಯಕ ನಮ್ಮ ಮಾರಿಯೊ. ಗೇಮಿನಲ್ಲಿ ಅವನಿಗೆ ಮನೆಯಿಲ್ಲ, ಮಠವಿಲ್ಲ, ಎಡದಿಂದ ಬಲಕ್ಕೆ ಓಡುವುದೊಂದೇ ಕೆಲಸ. ಸಿನಿಮಾದಲ್ಲಿ ಅವನಿಗೂ ಲುಯಿಜಿಗೂ ಒಂದು ದಿನಸಿ ಅಂಗಡಿ. ರಾತ್ರಿ ಮಾರಿಯೊ ಟಿವಿ ಮುಂದೆ ಕೂತು ವಿಡಿಯೊ ಗೇಮ್ ಆಡುತ್ತಿರುವಾಗ ರಾಜಕುಮಾರಿ ಪೀಚ್ ಪರದೆಯಿಂದ ಹೊರಗೆ ಜಿಗಿಯುತ್ತಾಳೆ. ಕೊನೆಗೆ ಅವಳ ಕೈ ಹಿಡಿಯಬೇಕಾದವನು ಬೇರೊಬ್ಬ ರಾಜಕುಮಾರ ಎಂದು ತಿಳಿದು ಮಾರಿಯೊ ಹರಸಿ ಹೊರಡುತ್ತಾನೆ. ಗೇಮ್ ಪೂರ್ತಿ ಅವಳಿಗಾಗಿ ಓಡಿದವನಿಗೆ ಸಿನಿಮಾ ಕೊಟ್ಟ ಮುಕ್ತಾಯ ಅದು.

ತ.ರಾ.ಸು. ಅವರ ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪ ಮತ್ಸರ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಸಿನಿಮಾ ಮಾಡಿದರು. ಜಪಾನಿನ ಫೇಟ್ ಸ್ಟೇ ನೈಟ್ ಗೇಮಿನದು ಇದಕ್ಕೆ ತಿರುಗಾಮುರುಗಾ. 2004ರ ಆ ಒಂದು ಗೇಮಿನೊಳಗೆ ಮೂರು ದಾರಿ, ದಾರಿಗೊಬ್ಬಳು ನಾಯಕಿ. ಒಂದರಲ್ಲಿ ಬದುಕುವವರು ಇನ್ನೊಂದರಲ್ಲಿ ಸಾಯುತ್ತಾರೆ. ಒಂದೇ ಅನಿಮೆಯಲ್ಲಿ ಮೂರನ್ನೂ ಹೇಳಲು ಆಗುವುದಿಲ್ಲ. 2006ರಲ್ಲಿ ಒಂದು ದಾರಿ, 2014ರಲ್ಲಿ ಇನ್ನೊಂದು, ಮೂರನೆಯದಕ್ಕೆ 2017ರಿಂದ 2020ರವರೆಗೆ ಮೂರು ಸಿನಿಮಾ. ಒಂದು ಗೇಮ್ ಪೂರ್ತಿ ಪರದೆಗೆ ಬರಲು ಹದಿನಾರು ವರ್ಷ ಹಿಡಿಯಿತು. ಓದುಗ ಕಾದಂಬರಿಯ ದಾರಿ ಬದಲಿಸಲಾರ, ಆಟಗಾರ ಬದಲಿಸುತ್ತಾನೆ. ಗೇಮನ್ನು ಕಥೆಯಾಗಿಸುವವರಿಗೆ ನಮ್ಮ ನಿರ್ದೇಶಕರಿಗಿಲ್ಲದ ಕಷ್ಟ ಎದುರಾಗುವುದು ಇಲ್ಲೇ.

ಸ್ಟೈನ್ಸ್ ಗೇಟ್ ಗೇಮಿನಲ್ಲಿ ಕಥೆ ಕವಲೊಡೆಯುವುದು ನಾಯಕನ ಮೊಬೈಲ್ ಫೋನಿನಿಂದ. ಯಾವ ಮೆಸೇಜಿಗೆ ಏನು ಉತ್ತರ ಕೊಟ್ಟೆವು, ಯಾವ ಕರೆ ತೆಗೆದುಕೊಂಡೆವು ಎಂಬುದರ ಮೇಲೆ ಕೊನೆ ಬದಲಾಗುತ್ತದೆ. 2011ರ ಅನಿಮೆ ಆ ಫೋನನ್ನು ನಮ್ಮ ಕೈಯಿಂದ ತೆಗೆದುಕೊಂಡು, 24 ಕಂತುಗಳಲ್ಲಿ ಒಂದೇ ದಾರಿ ಹಿಡಿದು ನಡೆಯಿತು.

ಪರ್ಸೋನಾ 4 ಗೇಮಿನ ನಾಯಕನಿಗೆ ಹೆಸರಿಲ್ಲ, ಆಟಗಾರನೇ ಇಡಬೇಕು. ಮಾತೂ ಹೆಚ್ಚುಕಡಿಮೆ ಇಲ್ಲ. 2011ರಲ್ಲಿ ಅನಿಮೆ ಮಾಡುವಾಗ ಅವನಿಗೆ ಯೂ ನಾರುಕಾಮಿ ಎಂದು ನಾಮಕರಣವಾಯಿತು. ಮುಂದಿನ ಗೇಮ್‌ಗಳು ಅದೇ ಹೆಸರನ್ನು ಉಳಿಸಿಕೊಂಡವು. ಪಿಕಾಚುವಿನ ಕಥೆಯೇ ಇಲ್ಲೂ.

ಸೈಬರ್‌ಪಂಕ್ 2077ರ ನಾಯಕ ವಿ ಗಂಡೋ ಹೆಣ್ಣೋ ಎಂಬುದನ್ನೂ ಆಡುವವರೇ ತೀರ್ಮಾನಿಸುತ್ತಾರೆ. ಲಕ್ಷಾಂತರ ಜನ ತಮ್ಮ ತಮ್ಮ ಮುಖ ಕೊಟ್ಟಿರುವ ಪಾತ್ರವನ್ನು ಅನಿಮೆಯಲ್ಲಿ ಹೇಗೆ ಬಿಡಿಸುವುದು? 2022ರ ಅನಿಮೆ ಎಡ್ಜ್‌ರನ್ನರ್ಸ್ ಆ ಗೋಜಿಗೇ ಹೋಗಲಿಲ್ಲ. ಊರು ಅದೇ, ಬೀದಿಗಳು ಅವೇ. ಕಾಲ ಗೇಮಿಗಿಂತ ಒಂದು ವರ್ಷ ಹಿಂದಿನದು, ಡೇವಿಡ್ ಎಂಬ ಹುಡುಗ ಹೊಸಬ. ಅವನ ಹಳದಿ ಜಾಕೆಟ್ ಅದೇ ತಿಂಗಳ ಅಪ್‌ಡೇಟ್‌ನಲ್ಲಿ ಗೇಮಿಗೂ ಬಂತು.

ಅನಿಮೆಯಲ್ಲದಿದ್ದರೂ ಒಂದನ್ನು ಇಲ್ಲಿ ಹೇಳಲೇಬೇಕು, ನಮ್ಮ ಊರಿನ ನಂಟಿದೆ. ಪಿಕಾಚು ಪತ್ತೇದಾರನಾಗುವ ಗೇಮ್ ಪೂರ್ತಿಯಾಗಿ ಬಂದದ್ದು 2018ರಲ್ಲಿ, ಅದರ ಹಾಲಿವುಡ್ ಸಿನಿಮಾ 2019ರಲ್ಲಿ. ಗೇಮ್ ಮುಗಿದರೂ ನಾಯಕನ ಕಾಣೆಯಾದ ತಂದೆ ಸಿಗುವುದಿಲ್ಲ. ಸಿನಿಮಾ ಎರಡು ಗಂಟೆಯೊಳಗೆ ತಂದೆ ಮಗನನ್ನು ಸೇರಿಸಿಬಿಡುತ್ತದೆ. ಗೇಮ್ ಆಡಿದ್ದ ಮಕ್ಕಳು 2023ರ ಎರಡನೇ ಭಾಗದವರೆಗೆ ಕಾದರು. ಆ ಸಿನಿಮಾದ ಪ್ರಾಣಿಗಳಿಗೆ ಗ್ರಾಫಿಕ್ಸ್‌ನಲ್ಲಿ ರೋಮ, ಚರ್ಮ, ಜೀವ ತುಂಬಿದ ಸಂಸ್ಥೆಗಳಲ್ಲಿ ಎಂಪಿಸಿಯೂ ಒಂದು. ಎಂಪಿಸಿಗೆ ಬೆಂಗಳೂರಿನಲ್ಲೂ ದೊಡ್ಡ ಸ್ಟುಡಿಯೊ ಇತ್ತು. 2025ರ ಫೆಬ್ರವರಿಯಲ್ಲಿ ಅದರ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದಾಗ ಬೆಂಗಳೂರು ಮತ್ತು ಮುಂಬೈಯ ಸಾವಿರಾರು ಕಲಾವಿದರು ಏಕಾಏಕಿ ಕೆಲಸ ಕಳೆದುಕೊಂಡರು. ಇಂಥ ಸಿನಿಮಾಗಳ ಕೊನೆಯಲ್ಲಿ ಹೆಸರುಗಳ ಉದ್ದದ ಪಟ್ಟಿ ಓಡುವಾಗ ನಾನೀಗ ಎದ್ದು ಹೋಗುವುದಿಲ್ಲ. ಅದರಲ್ಲಿ ಗೌಡ, ಶೆಟ್ಟಿ, ಕುಲಕರ್ಣಿಗಳನ್ನು ಹುಡುಕುತ್ತ ಕೂರುತ್ತೇನೆ.

ಪೋಕೆಮಾನ್ ಗೋ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2016ರ ಡಿಸೆಂಬರ್‌ನಲ್ಲಿ. ಆದರೆ ಆ ವರ್ಷದ ಜುಲೈನಿಂದಲೇ ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಆಟಗಾರರು ಗುಂಪುಗುಂಪಾಗಿ ಸೇರುತ್ತಿದ್ದರು. 2023ರಲ್ಲಿ ಗೇಮ್ ಹಿಂದಿಗೆ ಬಂತು, 800ಕ್ಕೂ ಹೆಚ್ಚು ಪೋಕೆಮಾನ್‌ಗಳಿಗೆ ಹಿಂದಿ ಹೆಸರು ಸಿಕ್ಕವು. ಕನ್ನಡಕ್ಕೂ ಆ ದಿನ ಬರಬೇಕು. ನಮ್ಮಲ್ಲಿ ಹುಳುಹುಪ್ಪಟೆಗಳಿಗಿರುವ ಹೆಸರುಗಳನ್ನೇ ನೋಡಿ: ಜೀರ್ಜಿಂಬೆ, ಗುಂಗಾಡು, ಏರೋಪ್ಲೇನ್ ಚಿಟ್ಟೆ. ಹೊಸ ಹೆಸರು ಕಟ್ಟುವವರಿಗೆ ಸಾಮಗ್ರಿಯ ಕೊರತೆಯಿಲ್ಲ.

ಹುಳುಗಳ ಮಾತು ಬಂತಲ್ಲ, ಪೋಕೆಮಾನ್ ಹುಟ್ಟಿದ್ದೇ ಹುಳು ಹಿಡಿಯುವುದರಿಂದ. 1965ರಲ್ಲಿ ಹುಟ್ಟಿದ ಸತೋಶಿ ತಾಜಿರಿ ಬೆಳೆದದ್ದು ಟೋಕಿಯೊ ಅಂಚಿನ ಮಾಚಿದಾದಲ್ಲಿ. ಗದ್ದೆ, ಹೊಂಡ, ಕಾಡು ಇದ್ದ ಊರು. ಅಲ್ಲಿ ಅವರು ಹುಳು ಹಿಡಿದು ಕೂಡಿಡುತ್ತಿದ್ದರು. ಜೊತೆಯ ಮಕ್ಕಳು ಅವರನ್ನು ಹುಳದ ಡಾಕ್ಟರ್ ಎಂದು ಕರೆಯುತ್ತಿದ್ದರು. ನೋಡನೋಡುತ್ತ ಗದ್ದೆಗಳೆಲ್ಲ ಕಟ್ಟಡಗಳಾದವು. ಮುಂದೆ ಎರಡು ಗೇಮ್‌ಬಾಯ್‌ಗಳನ್ನು ಜೋಡಿಸುವ ಕೇಬಲ್ ನೋಡಿದಾಗ, ಅದರ ಮೇಲೆ ಹುಳುವೊಂದು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹರಿದು ಹೋಗುವಂತೆ ಅವರ ಕಣ್ಣಿಗೆ ಕಟ್ಟಿತು. ಅನಿಮೆ ಆ ಹಿಡಿಯುವ ಆಟವನ್ನು ಗೆಳೆತನದ ಕಥೆ ಮಾಡಿತು. 150 ಪೋಕೆಮಾನ್‌ಗಳನ್ನೂ ಕೂಡಿಹಾಕುವುದು ಮೊದಲ ಗೇಮಿನ ಗುರಿ. ಆ್ಯಶ್ ಎಷ್ಟೋ ಸಲ ಹಿಡಿದದ್ದನ್ನು ಅಳುತ್ತ ಬಿಟ್ಟು ಬರುತ್ತಾನೆ.

ಅಲ್ಲಾಳಸಂದ್ರದ ಮಕ್ಕಳಿಗೆ ಹುಳು ನೋಡಲು ದೂರ ಹೋಗಬೇಕಿಲ್ಲ. ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದೆ, ಅದರಲ್ಲಿ ಕೀಟಗಳ ದೊಡ್ಡ ಸಂಗ್ರಹವಿದೆ. ಜಕ್ಕೂರಿನ ಏಟ್ರೀ ಸಂಸ್ಥೆಯಲ್ಲೂ ಕೀಟ ಸಂಗ್ರಹಾಲಯವಿದೆ. ಪಕ್ಕದಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. ಆದರೆ ಅಣ್ಣನ ಮಗನಿಗೆ ನಾನು ಹೇಳಿದ್ದು ನನ್ನ ಚಿಕ್ಕಂದಿನ ಬೆಂಕಿಪೊಟ್ಟಣದ ಕಥೆ. ಮಳೆ ಬಿದ್ದ ಮೇಲೆ ಜಾಲಿ ಗಿಡದಲ್ಲಿ ಹಸಿರಾಗಿ ಹೊಳೆಯುವ ಜೀರ್ಜಿಂಬೆ ಹಿಡಿದು, ಖಾಲಿ ಪೊಟ್ಟಣದಲ್ಲಿಟ್ಟು, ಸ್ಕೂಲಿಗೆ ಒಯ್ಯುತ್ತಿದ್ದೆವು. ಕಿವಿಗೆ ಹಿಡಿದರೆ ಒಳಗೆ ಕಾಲು ಕೆರೆಯುವ ಸದ್ದು ಕೇಳುತ್ತಿತ್ತು.

ಅವನು ಫೋನ್ ಜೇಬಿಗಿಟ್ಟ.

"ಅದಕ್ಕೆ ತಿನ್ನೋಕೆ ಏನ್ ಹಾಕ್ತಿದ್ರಿ ಅತ್ತೆ?"

"ಜಾಲಿ ಸೊಪ್ಪು."

"ಮೊಟ್ಟೆ ಇಡ್ತಿತ್ತಾ?"

"ಇಡ್ತಿತ್ತು ಕಣೋ. ಅಕ್ಕಿಕಾಳಿನ ಥರ."

"ಮರಿ ಆಗೋಕೆ ಎಷ್ಟು ಕಿಲೋಮೀಟರ್?"

ನಾನು ಒಂದನ್ನೂ ಮರಿಯಾಗುವವರೆಗೆ ಕಾದು ನೋಡಿರಲಿಲ್ಲ. ಅದನ್ನೇ ಹೇಳಿದೆ. ಇಬ್ಬರೂ ಇನ್ನೊಂದು ಸುತ್ತು ಹೊರಟೆವು.