ಎರಡು ಬಗೆಯ ಚೀಟಿಗಳು: ಬಿದ್ದುಹೋದವರೂ ದೇವರ ಕರುಣೆಯೂ

ಈಜಿಪ್ಟಿನ ಮರಳಿನಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ 40ಕ್ಕೂ ಹೆಚ್ಚು ಚಿಕ್ಕ ಅರ್ಜಿಗಳಿವೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಧಾಟಿಯವು. ತಾನು ಸದಾ ದೇವತೆಗಳಿಗೆ ಬಲಿಯರ್ಪಿಸುತ್ತ ಬಂದವನೆಂದೂ, ಈಗಲೂ ಅಧಿಕಾರಿಗಳ ಸಮ್ಮುಖದಲ್ಲಿ ಪಾನದ್ರವ್ಯ ಹೊಯ್ದು, ಬಲಿಯ ಮಾಂಸವನ್ನು ರುಚಿನೋಡಿದೆನೆಂದೂ ಹೇಳಿ ಅರ್ಜಿದಾರನು ಅವರ ಸಹಿಯನ್ನು ಬೇಡುತ್ತಾನೆ. ಇವು ಕ್ರಿ.ಶ. 250ರವು. ಸಾಮ್ರಾಜ್ಯದ ನಿವಾಸಿಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಅದಕ್ಕೆ ಪ್ರಮಾಣಪತ್ರ ಪಡೆಯಬೇಕೆಂದು ಚಕ್ರವರ್ತಿ ದೇಕಿಯುಸನು ಆಜ್ಞಾಪಿಸಿದ್ದನು. ಈ ಅರ್ಜಿಗಳನ್ನು ಬರೆಸಿದವರೆಲ್ಲರೂ ಕ್ರೈಸ್ತರಲ್ಲ. ಅವರಲ್ಲೊಬ್ಬಳು ಮೊಸಳೆದೇವತೆಯ ಪೂಜಾರಿಣಿ! ಆದರೆ ಇಂಥ ಚೀಟಿಯನ್ನು ಹಿಡಿದು ಮನೆಗೆ ಹಿಂದಿರುಗಿದ ಕ್ರೈಸ್ತರ ಸಂಖ್ಯೆ ಅಲ್ಪವಾಗಿರಲಿಲ್ಲವೆಂಬುದಕ್ಕೆ ಕಾರ್ಥೇಜಿನ ಬಿಷಪ್ ಸಿಪ್ರಿಯನನ ಪತ್ರಗಳು ಸಾಕ್ಷಿಯಾಗಿವೆ.

ಅವಿಧೇಯತೆಯ ಬಳಿಕ ದೇವರ ಕರುಣೆಯನ್ನು ಅರಸುವುದೆಂದರೇನು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ದಾವೀದನ 51ನೆಯ ಕೀರ್ತನೆಯಿಂದಲೋ ತಪ್ಪಿಹೋದ ಮಗನ ಸಾಮ್ಯದಿಂದಲೋ ಆರಂಭಿಸುತ್ತೇವೆ. ಅದು ಯುಕ್ತವೇ. ಆದರೆ ಸಾಮ್ಯದ ಮನೆಗೆ ಒಬ್ಬನೇ ಮಗನು ಹಿಂದಿರುಗುತ್ತಾನೆ. ಕಾರ್ಥೇಜಿನಲ್ಲಿ ಸಭೆಯ ಬಹುಭಾಗವೇ ಬಾಗಿಲಲ್ಲಿ ನಿಂತಿತ್ತು. ಒಳಗಿದ್ದವರಲ್ಲಿ ಸೆರೆಮನೆಯನ್ನು ಕಂಡು ಬಂದವರಿದ್ದರು. ಮಕ್ಕಳನ್ನು ಕಳೆದುಕೊಂಡವರಿದ್ದರು.

ಬಿದ್ದವರೆಲ್ಲರೂ ಒಂದೇ ರೀತಿಯಲ್ಲಿ ಬೀಳಲಿಲ್ಲ. ಕೆಲವರು ಬಲಿಯನ್ನೇ ಅರ್ಪಿಸಿದರು, ಕೆಲವರು ಧೂಪವನ್ನಷ್ಟೇ ಹಾಕಿದರು. ಇನ್ನು ಕೆಲವರು ಬಲಿಪೀಠದ ಬಳಿಗೂ ಹೋಗದೆ, ಅಧಿಕಾರಿಗೆ ಹಣ ಕೊಟ್ಟು ಚೀಟಿಯನ್ನು ಕೊಂಡುಕೊಂಡರು. ಕೈ ಮಲಿನವಾಗಲಿಲ್ಲವಾದ್ದರಿಂದ ಪಾಪವೂ ತಗಲಲಿಲ್ಲವೆಂಬುದು ಈ ಮೂರನೆಯವರ ಎಣಿಕೆ. ಸಿಪ್ರಿಯನನು ಇವರನ್ನು ಬಲಿಯರ್ಪಿಸಿದವರೊಂದಿಗೆ ಸಮಗಟ್ಟಲಿಲ್ಲ. ಆದರೂ ಮಾಡದ ಕಾರ್ಯವನ್ನು ಮಾಡಿದೆನೆಂದು ಬರೆಸಿಕೊಂಡದ್ದು ಕ್ರಿಸ್ತನ ನಿರಾಕರಣೆಯೇ ಎಂದು ತೋರಿಸಿಕೊಟ್ಟನು. ಅಂಥವನೊಬ್ಬನು, ಇದೂ ತಪ್ಪೆಂದು ತನಗೆ ಆಗ ತಿಳಿದಿರಲಿಲ್ಲ, ಈಗ ತಿಳಿಯಿತು ಎಂದು ಹೇಳಬಹುದಾದುದನ್ನು ಅಂತೋನಿಯಾನನೆಂಬ ಬಿಷಪನಿಗೆ ಬರೆದ ದೀರ್ಘ ಪತ್ರದಲ್ಲಿ ಅವನು ಸಹಾನುಭೂತಿಯಿಂದಲೇ ನಿರೂಪಿಸುತ್ತಾನೆ. ಆ ಪತ್ರದ ಈ ಭಾಗವನ್ನು ಪ್ರತಿಯೊಬ್ಬ ಸಭಾಪಾಲಕನೂ ಓದಬೇಕೆಂದು ನನಗನಿಸುತ್ತದೆ. ಕರೆಯುವ ಮುಂಚೆಯೇ ಬಲಿಪೀಠಕ್ಕೆ ಓಡಿಹೋದವನೂ ಬಹುಕಾಲ ಹೋರಾಡಿ ಸೋತವನೂ ಸಮಾನರಲ್ಲ. ತನ್ನ ಮನೆಯವರೆಲ್ಲರನ್ನೂ ಎಳೆದೊಯ್ದವನೂ, ಹೆಂಡತಿಮಕ್ಕಳನ್ನು ಉಳಿಸಲು ತಾನೊಬ್ಬನೇ ಹೋಗಿ ಬಿದ್ದವನೂ ಸಮಾನರಲ್ಲ ಎಂಬುದು ಅಲ್ಲಿಯ ವಾದ. ಪಾಪಗಳೆಲ್ಲವೂ ಸಮವೆಂಬ ಸ್ತೋಯಿಕರ ಮತವನ್ನು ಅವನು ಹೆಸರೆತ್ತಿಯೇ ತಳ್ಳಿಹಾಕುತ್ತಾನೆ.

ಈ ನಡುವೆ ಇನ್ನೊಂದು ಬಗೆಯ ಚೀಟಿ ಹುಟ್ಟಿಕೊಂಡಿತು. ನಂಬಿಕೆಗಾಗಿ ಸೆರೆಯಲ್ಲಿದ್ದವರು, ಬಿದ್ದವರನ್ನು ಸಭೆಗೆ ಸೇರಿಸಿಕೊಳ್ಳಬೇಕೆಂದು ಸಮಾಧಾನಪತ್ರಗಳನ್ನು ಬರೆದುಕೊಡತೊಡಗಿದರು. ಲತೀನಿನಲ್ಲಿ ಸರಕಾರದ ಚೀಟಿಗೂ ಇದಕ್ಕೂ ಒಂದೇ ಹೆಸರು: ಲಿಬೆಲ್ಲುಸ್. ಮೊದಮೊದಲು ಇವು ವಿಜ್ಞಾಪನೆಗಳಾಗಿದ್ದವು, ಬರಬರುತ್ತ ಆಜ್ಞೆಗಳಾದವು. ಹೆಸರನ್ನೂ ಸಂಖ್ಯೆಯನ್ನೂ ಸೂಚಿಸದೆ, ಇಂಥವನನ್ನು ಅವನ ಕಡೆಯವರೊಂದಿಗೆ ಸೇರಿಸಿಕೊಳ್ಳತಕ್ಕದ್ದೆಂಬ ಒಕ್ಕಣೆಯ ಪತ್ರಗಳೂ ಬಂದವು. ಹೀಗೆ ಚೀಟಿಯಿಂದ ಬಿದ್ದವನು ಚೀಟಿಯಿಂದಲೇ ಏಳುವಂತಾಯಿತು. ಮೊದಲನೆಯದರಲ್ಲಿ ಅವನು ಹೃದಯದಿಂದ ಏನನ್ನೂ ಅರ್ಪಿಸಬೇಕಾಗಿರಲಿಲ್ಲ, ಎರಡನೆಯದರಲ್ಲಿಯೂ ಅಷ್ಟೆ. ಸಿಪ್ರಿಯನನ ವಿರೋಧದ ತಿರುಳು ಇಲ್ಲಿದೆ. ಕರ್ತನಿಗೆ ವಿರೋಧವಾಗಿ ಮಾಡಿದ ಪಾಪವನ್ನು ಕರ್ತನೇ ಕ್ಷಮಿಸಬೇಕಲ್ಲದೆ ರಕ್ತಸಾಕ್ಷಿಯಾದರೂ ತನ್ನ ಪುಣ್ಯದ ಬಲದಿಂದ ಅದನ್ನು ಅಳಿಸಲಾರನು. ಅರಿಕೆಯೂ ಕಣ್ಣೀರೂ ಇಲ್ಲದೆ ಅವಸರದಿಂದ ಕೊಟ್ಟ ಸಮಾಧಾನವು ಗಾಯವನ್ನು ಒಳಗೇ ಕೊಳೆಯಿಸುತ್ತದೆ.

ಇದನ್ನು ಬರೆದವನು ಆಗ ತಾನೇ ಅಡಗಿಕೊಂಡಿದ್ದನೆಂಬುದನ್ನು ಮರೆಮಾಚಬಾರದು. ಹಿಂಸೆ ಆರಂಭವಾದೊಡನೆ ಸಿಪ್ರಿಯನನು ಕಾರ್ಥೇಜನ್ನು ಬಿಟ್ಟುಹೋಗಿದ್ದನು. ರೋಮಿನ ಬಿಷಪ್ ಫಾಬಿಯಾನನು 250ರ ಜನವರಿಯಲ್ಲಿಯೇ ಪ್ರಾಣತೆತ್ತಿದ್ದನು. ಓಡಿಹೋದ ಕುರುಬನು ಬಿದ್ದ ಕುರಿಗಳಿಗೆ ವಿಧಿ ಬರೆಯುವುದೇ ಎಂಬ ಗೊಣಗಾಟಕ್ಕೆ ಅರ್ಥವಿಲ್ಲದಿರಲಿಲ್ಲ. 258ರಲ್ಲಿ ಶಿರಚ್ಛೇದಕ್ಕೆ ಕೊರಳೊಡ್ಡಿ ಅವನು ಅದಕ್ಕೆ ಉತ್ತರಕೊಟ್ಟನೆನ್ನಬಹುದು. ಆದರೆ 251ರಲ್ಲಿ ಆ ಉತ್ತರ ಯಾರಿಗೂ ತಿಳಿದಿರಲಿಲ್ಲ.

ಇನ್ನೊಂದು ಅಂಚಿನಲ್ಲಿ ರೋಮಿನ ಹಿರಿಯನಾದ ನೊವಾತಿಯನನು ನಿಂತಿದ್ದನು. ಬಿದ್ದವರು ಜೀವಮಾನವೆಲ್ಲ ಪಶ್ಚಾತ್ತಾಪಪಡಲಿ. ಕರುಣೆ ತೋರುವುದು ಬಿಡುವುದು ದೇವರಿಗೆ ಸೇರಿದ್ದು. ಸಭೆಯು ಮಾತ್ರ ಅವರನ್ನು ಮರಳಿ ಸೇರಿಸಿಕೊಳ್ಳಲಾಗದು ಎಂಬುದು ಅವನ ಪಕ್ಷದ ನಿಲುವು. ಈ ಪಂಗಡದವರು ಮುಂದೆ ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯವನ್ನು ಆಧಾರವಾಗಿ ಎತ್ತಿಹಿಡಿದರು. ಮೇಲ್ನೋಟಕ್ಕೆ ಇದು ದೇವರ ಸಾರ್ವಭೌಮತ್ವವನ್ನು ಗೌರವಿಸುವ ಮಾತು. ಸಿಪ್ರಿಯನನು ಅದರ ಕ್ರೌರ್ಯವನ್ನು ಕಂಡನು. ಅಳಬೇಕೆಂದು ಹೇಳಿ ಅಳುವಿಗೆ ಫಲವಿಲ್ಲವೆನ್ನುವುದು, ಉಳು ಬಿತ್ತು ಎಂದು ರೈತನನ್ನು ಪ್ರೇರೇಪಿಸಿ ಕೊಯ್ಲು ನಿನ್ನದಲ್ಲವೆಂದು ಹೇಳಿದಂತೆ. ನಿರೀಕ್ಷೆಯಿಲ್ಲದಲ್ಲಿ ಮಾನಸಾಂತರವೂ ಇರಲಾರದು. ಮೂರು ಸಾರಿ ನಿರಾಕರಿಸಿದ ಪೇತ್ರನು ಹೊರಗೆ ಹೋಗಿ ಬಹು ವ್ಯಥೆಯಿಂದ ಅತ್ತದ್ದು ಕರ್ತನು ತಿರುಗಿ ನೋಡಿದ ಮೇಲೆಯೇ ಎಂಬುದನ್ನು ಲೂಕನ ಸುವಾರ್ತೆಯ ವಾಚಕರು ಬಲ್ಲರು.

251ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪರ ಸಭೆಯು ನಡುದಾರಿಯನ್ನು ಹಿಡಿಯಿತು. ಚೀಟಿ ಕೊಂಡವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಸೇರಿಸಿಕೊಳ್ಳುವುದು. ಬಲಿಯರ್ಪಿಸಿದವರು ಪಶ್ಚಾತ್ತಾಪದಲ್ಲಿ ಮುಂದುವರಿಯುವುದು, ಅವರಿಗೆ ಮರಣಶಯ್ಯೆಯಲ್ಲಿ ಸಮಾಧಾನ ಕೊಡುವುದು. ಎರಡನೆಯ ವಿಧಿ ಕಠಿಣವಾಯಿತೆಂದೇ ನನ್ನ ಅಭಿಪ್ರಾಯ, ಮತ್ತು ಅದು ಹೆಚ್ಚುಕಾಲ ನಿಲ್ಲಲಿಲ್ಲ. ಗಲ್ಲುಸನ ಕಾಲದಲ್ಲಿ ಹೊಸ ಹಿಂಸೆಯ ಸೂಚನೆಗಳು ಕಾಣಿಸಿದಾಗ 42 ಬಿಷಪರು ಕೂಡಿ, ಪಶ್ಚಾತ್ತಾಪದಲ್ಲಿ ನಿಂತಿದ್ದವರೆಲ್ಲರಿಗೂ ಒಡನೆ ಸಮಾಧಾನ ನೀಡಲು ನಿರ್ಣಯಿಸಿದರು. ಕ್ರಿಸ್ತನಿಗಾಗಿ ರಕ್ತ ಸುರಿಸಬೇಕೆಂದು ಕರೆಯುವ ನಾವು ಅವರಿಗೆ ಕ್ರಿಸ್ತನ ರಕ್ತದ ಪಾತ್ರೆಯನ್ನು ನಿರಾಕರಿಸುವುದು ಹೇಗೆಂಬುದು ಅವರು ಕೊಟ್ಟ ಕಾರಣ. ಇಲ್ಲಿ ಪ್ರಭುಭೋಜನವು ವಿಧೇಯತೆಗೆ ಸಲ್ಲುವ ಬಹುಮಾನವಲ್ಲ, ಮುಂದಿನ ವಿಧೇಯತೆಗೆ ಬೇಕಾದ ಆಹಾರ. ವರ್ಷಗಳ ಲೆಕ್ಕದಲ್ಲಿ ಶಿಸ್ತನ್ನು ಅಳೆದ ನೈಸಿಯದ ಮಹಾಸಭೆಯೂ (325) ಸಾಯುತ್ತಿರುವವನಿಂದ ಆ ಆಹಾರವನ್ನು ತಡೆಹಿಡಿಯಬಾರದೆಂದು ತನ್ನ 13ನೆಯ ನಿಯಮದಲ್ಲಿ ವಿಧಿಸಿತು.

ಇದೇ ಹಿಂಸೆಯ ಕಾಲದ ಒಂದು ಘಟನೆಯನ್ನು ಅಲೆಕ್ಸಾಂದ್ರಿಯದ ಬಿಷಪ್ ದಿಯೊನುಸಿಯನು, ನೊವಾತಿಯನನ ಕಡೆಗೆ ವಾಲಿದ್ದ ಅಂತಿಯೋಕ್ಯದ ಫಾಬಿಯುಸನಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾನೆ. ಯೂಸೇಬಿಯನು ತನ್ನ ಸಭಾಚರಿತ್ರೆಯಲ್ಲಿ ಅದನ್ನು ಉಳಿಸಿಕೊಟ್ಟಿದ್ದಾನೆ. ಸೆರಾಪಿಯೋನನೆಂಬ ನಂಬಿಗಸ್ತ ಮುದುಕನು ಶೋಧನೆಯಲ್ಲಿ ಬಿದ್ದು ಬಲಿಯರ್ಪಿಸಿದ್ದನು. ಆಮೇಲೆ ಎಷ್ಟು ಸಾರಿ ಬೇಡಿಕೊಂಡರೂ ಯಾರೂ ಅವನ ಕಡೆಗೆ ಲಕ್ಷ್ಯಕೊಡಲಿಲ್ಲ. ರೋಗಪೀಡಿತನಾಗಿ ಮೂರು ದಿನ ಮಾತಿಲ್ಲದೆ ಪ್ರಜ್ಞೆಯಿಲ್ಲದೆ ಬಿದ್ದಿದ್ದವನು ನಾಲ್ಕನೆಯ ದಿನ ತುಸು ಚೇತರಿಸಿಕೊಂಡು, ಮಗಳ ಮಗನನ್ನು ಕರೆದು, ತನ್ನನ್ನು ಬೇಗ ಬಿಡಿಸಲು ಒಬ್ಬ ಹಿರಿಯನನ್ನು ಕರೆತರುವಂತೆ ಹೇಳಿದನು. ಹುಡುಗನು ಓಡಿದನು. ಆಗ ರಾತ್ರಿ, ಹಿರಿಯನು ತಾನೇ ಅಸ್ವಸ್ಥನಾಗಿದ್ದು ಬರಲಾರದವನಾಗಿದ್ದನು. ಆದರೆ ಸಾಯುವವರು ಬೇಡಿದರೆ, ಅದಕ್ಕೆ ಮುಂಚೆಯೂ ಬೇಡಿದ್ದವರಾದರಂತೂ, ಕ್ಷಮಾಪಣೆ ನೀಡಬೇಕೆಂದು ದಿಯೊನುಸಿಯನು ಮೊದಲೇ ಆಜ್ಞಾಪಿಸಿದ್ದನು. ಹಿರಿಯನು ಪ್ರಭುಭೋಜನದ ಒಂದು ಚೂರನ್ನು ಹುಡುಗನ ಕೈಗಿತ್ತು, ಅದನ್ನು ನೆನೆಸಿ ಮುದುಕನ ಬಾಯಿಗೆ ಬಿಡುವಂತೆ ತಿಳಿಸಿದನು. ಹುಡುಗನು ಹಾಗೆಯೇ ಮಾಡಿದನು. ಮುದುಕನು ಅದನ್ನು ನುಂಗಿ, ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಣಬಿಟ್ಟನು. ಬಿಡುಗಡೆ ದೊರೆಯುವ ತನಕ ಅವನ ಜೀವವನ್ನು ಹಿಡಿದಿಟ್ಟವರು ಯಾರು ಎಂಬುದನ್ನು ಆಲೋಚಿಸುವಂತೆ ದಿಯೊನುಸಿಯನು ಅಂತಿಯೋಕ್ಯದ ಬಿಷಪನನ್ನು ಕೇಳುತ್ತಾನೆ.